ಆಮ್‌ಸ್ಟರ್‌ಡ್ಯಾಮಿನ ಮೂರು ಗುಲಾಬಿ ತ್ರಿಕೋನಗಳು



ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಕಥೆಯನ್ನು ನನ್ನ ತರಗತಿಯಲ್ಲಿ ಕುಳಿತವರೆಲ್ಲರೂ ಒಮ್ಮೆಯಾದರೂ ಕೇಳಿದ್ದೀರಿ. ಕಾಡುಹಂದಿಯೊಡನೆ ಕಾದಾಡಿ ಪ್ರಾಣಬಿಟ್ಟ ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ಹತ್ತನೆಯ ಶತಮಾನದಲ್ಲಿ ಮಣಲೆರನು ನಿಲ್ಲಿಸಿದ ಕಲ್ಲು ಅದು. ನಾಯಿಯ ಸಾವಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದೆಂದು ನಾನು ಪ್ರತಿವರ್ಷವೂ ಹೆಮ್ಮೆಯಿಂದ ಹೇಳುತ್ತಿದ್ದೆ. ಸತ್ತವರಿಗೆ ಕಲ್ಲು ನಿಲ್ಲಿಸುವುದೆಂದರೆ, ಇವರು ನಮ್ಮವರಾಗಿದ್ದರು ಎಂದು ಊರಿನ ನಡುವೆ ನಿಂತು ಹೇಳುವುದು. ಹಾಗೆ ಹೇಳುವ ಅವಕಾಶವೇ ದೊರೆಯದಿದ್ದ ಜನರು ತಮ್ಮವರಿಗಾಗಿ ತಾವೇ ಕಲ್ಲು ನಿಲ್ಲಿಸಿದ ಕಥೆಯೊಂದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಈ ವಿಷಯ ನನ್ನ ಗಮನಕ್ಕೆ ಬಂದದ್ದು ಆಕಸ್ಮಿಕವಾಗಿ. ಬಹುಕಾಲದಿಂದ ಯುರೋಪಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದ. ಕಾಫಿ ಕುಡಿಯುತ್ತಾ ತನ್ನ ಮೊಬೈಲಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆನ್ ಫ್ರಾಂಕ್ ಅಡಗಿ ಕುಳಿತಿದ್ದ ಮನೆಯ ಚಿತ್ರವಿತ್ತು. ನಾನು ಪಾಠದಲ್ಲಿ ಹೇಳಿದ್ದನ್ನು ನೆನೆದು ಅಲ್ಲಿಗೆ ಹೋಗಿದ್ದನಂತೆ. ಅದರ ಮುಂದಿನ ಚಿತ್ರದಲ್ಲಿ ಗುಲಾಬಿ ಬಣ್ಣದ ಕಲ್ಲಿನ ಮೆಟ್ಟಿಲುಗಳು ಕಾಲುವೆಯ ನೀರಿನತ್ತ ಇಳಿದಿದ್ದವು. ನೀರಿನಂಚಿನಲ್ಲಿ ಯಾರೋ ಹೂಗಳನ್ನು ಇಟ್ಟಿದ್ದರು.

“ಇದು ಯಾವ ಸೋಪಾನಕಟ್ಟೆಯಪ್ಪ?” ಎಂದು ಕೇಳಿದೆ.

“ಸೋಪಾನಕಟ್ಟೆ ಅಲ್ಲ ಸರ್, ಸ್ಮಾರಕ. ಆನ್ ಫ್ರಾಂಕ್ ಮನೆಯ ಹತ್ತಿರವೇ ಇದೆ. ಇದನ್ನು ನೀವು ಪಾಠದಲ್ಲಿ ಹೇಳಿರಲಿಲ್ಲ” ಎಂದ.

ಅವನ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದರೂ ಅದು ನನ್ನ ಮನಸ್ಸಿನಲ್ಲಿ ಉಳಿಯಿತು. ಎರಡನೆಯ ಮಹಾಯುದ್ಧದ ಅಧ್ಯಾಯವನ್ನು ಎಷ್ಟು ವರ್ಷ ಬೋಧಿಸಿದೆನೋ ಲೆಕ್ಕವಿಲ್ಲ. ಅದರೊಳಗೆ ಇಂಥದೊಂದು ಪುಟವಿದೆಯೆಂಬುದನ್ನು ಒಮ್ಮೆಯೂ ಹೇಳಲಿಲ್ಲ. ಅವನು ಹೋದ ಮೇಲೆ ಓದಲು ತೊಡಗಿದೆ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ವಿಚಾರ. ನಮ್ಮ ಪತ್ರಿಕೆಗಳಲ್ಲಿ ‘ಸಲಿಂಗಕಾಮಿ’ ಎಂಬ ಪದ ರೂಢಿಯಲ್ಲಿದೆ. ಗಂಡು ಹೆಣ್ಣು ಒಲಿದು ಬಾಳುವುದನ್ನು ನಾವು ಪ್ರೇಮವೆನ್ನುತ್ತೇವೆ, ದಾಂಪತ್ಯವೆನ್ನುತ್ತೇವೆ. ಇವರ ಒಲವಿಗೆ ಮಾತ್ರ ಕಾಮವೆಂಬ ಹೆಸರು. ಈ ಭೇದ ನ್ಯಾಯವಾಗಿ ಕಾಣದ ಕಾರಣ ನಾನು ‘ಸಲಿಂಗಪ್ರೇಮಿ’ ಎಂದೇ ಬರೆಯುತ್ತೇನೆ. ಸ್ತ್ರೀಯರೂ ಪುರುಷರೂ ಆ ಪದದಲ್ಲಿ ಸೇರಿದ್ದಾರೆ.

ಜರ್ಮನಿಯಿಂದ ಆರಂಭಿಸೋಣ. ಪುರುಷರ ನಡುವಿನ ದೈಹಿಕ ಸಂಬಂಧವನ್ನು ಅಪರಾಧವೆಂದು ಸಾರಿದ 175ನೆಯ ಕಲಮು ಅಲ್ಲಿ 1871ರಷ್ಟು ಹಿಂದೆಯೇ ಜಾರಿಗೆ ಬಂದಿತ್ತು. ಅದನ್ನು ರದ್ದುಪಡಿಸಬೇಕೆಂದು ಹೋರಾಡಿದವರಲ್ಲಿ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಪ್ರಮುಖರು. ಅವರು 1919ರಲ್ಲಿ ಬರ್ಲಿನ್ನಿನಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, 1933ರ ಮೇ 6ರಂದು, ನಾಜಿಗಳು ಆ ಸಂಸ್ಥೆಗೆ ನುಗ್ಗಿ ಅದರ ಗ್ರಂಥಾಲಯವನ್ನು ದೋಚಿದರು. ಮೇ 10ರಂದು ಬರ್ಲಿನ್ನಿನಲ್ಲಿ ನಡೆದ ಕುಖ್ಯಾತ ಪುಸ್ತಕದಹನದಲ್ಲಿ ಅಲ್ಲಿನ ಗ್ರಂಥಗಳೂ ಬೂದಿಯಾದವು. ಪುಸ್ತಕ ಸುಟ್ಟ ಸಂಗತಿಯನ್ನು ನಾನು ಪಾಠದಲ್ಲಿ ಹೇಳುತ್ತಿದ್ದೆ. ಅವುಗಳಲ್ಲಿ ಇವೂ ಇದ್ದವೆಂದು ಹೇಳಿರಲಿಲ್ಲ.

1935ರಲ್ಲಿ ಆ ಕಲಮನ್ನು ಇನ್ನಷ್ಟು ಕಠಿಣಗೊಳಿಸಲಾಯಿತು. ನಾಜಿ ಆಡಳಿತದ 12 ವರ್ಷಗಳಲ್ಲಿ ಸುಮಾರು 1 ಲಕ್ಷ ಪುರುಷರು ಇದರಡಿ ಬಂಧಿತರಾದರೆಂದೂ, ಅವರಲ್ಲಿ ಸುಮಾರು 50 ಸಾವಿರ ಮಂದಿಗೆ ಶಿಕ್ಷೆಯಾಯಿತೆಂದೂ, 5 ಸಾವಿರದಿಂದ 15 ಸಾವಿರ ಮಂದಿಯನ್ನು ಸೆರೆಶಿಬಿರಗಳಿಗೆ ತಳ್ಳಲಾಯಿತೆಂದೂ ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಶಿಬಿರಗಳಲ್ಲಿ ಕೈದಿಗಳ ಅಂಗಿಗೆ ಬಣ್ಣದ ಗುರುತು ಹೊಲಿಯುವ ಪದ್ಧತಿಯಿತ್ತು. ಯಹೂದಿಗಳಿಗೆ ಹಳದಿ ನಕ್ಷತ್ರ, ರಾಜಕೀಯ ಕೈದಿಗಳಿಗೆ ಕೆಂಪು ತ್ರಿಕೋನ, ಸಲಿಂಗಪ್ರೇಮಿ ಪುರುಷರಿಗೆ ತಲೆಕೆಳಗಾದ ಗುಲಾಬಿ ತ್ರಿಕೋನ. ಗುಲಾಬಿ ಗುರುತಿನವರನ್ನು ಕಾವಲುಗಾರರು ಹಿಂಸಿಸುತ್ತಿದ್ದರು. ಸಹಕೈದಿಗಳೂ ಅನೇಕರು ಹತ್ತಿರ ಸೇರಿಸುತ್ತಿರಲಿಲ್ಲ. ಅವರಲ್ಲಿ ಸತ್ತವರ ಪ್ರಮಾಣ ಬಹಳ ಹೆಚ್ಚು. ಸ್ತ್ರೀಯರಿಗೆ ಆ ಕಲಮು ಅನ್ವಯಿಸುತ್ತಿರಲಿಲ್ಲ. ಆದರೆ ಸ್ತ್ರೀ ಸಲಿಂಗಪ್ರೇಮಿಗಳ ಕೂಟಗಳನ್ನೂ ಪತ್ರಿಕೆಗಳನ್ನೂ ಮುಚ್ಚಿಸಲಾಯಿತು. ಕೆಲವರನ್ನು ‘ಸಮಾಜಬಾಹಿರರು’ ಮುಂತಾದ ಬೇರೆ ಹೆಸರಿನಲ್ಲಿ ಶಿಬಿರಗಳಿಗೆ ಅಟ್ಟಲಾಯಿತು.

1945ರಲ್ಲಿ ಶಿಬಿರಗಳ ಬಾಗಿಲು ತೆರೆಯಿತು. ಆದರೆ ಗುಲಾಬಿ ತ್ರಿಕೋನ ತೊಟ್ಟವರ ಬಿಡುಗಡೆ ಅಪೂರ್ಣವಾಗಿತ್ತು. ಕಾನೂನಿನ ಕಣ್ಣಿನಲ್ಲಿ ಅವರು ಆಗಲೂ ಅಪರಾಧಿಗಳೇ. ಕೆಲವರು ಉಳಿದ ಶಿಕ್ಷೆಯನ್ನು ಪೂರೈಸಲು ಮತ್ತೆ ಜೈಲಿಗೆ ಹೋಗಬೇಕಾಯಿತು. ಪಶ್ಚಿಮ ಜರ್ಮನಿಯು ನಾಜಿಗಳು ತಿದ್ದಿದ ರೂಪದಲ್ಲಿಯೇ ಆ ಕಲಮನ್ನು 1969ರವರೆಗೆ ಉಳಿಸಿಕೊಂಡಿತು. ಅದು ಪೂರ್ಣವಾಗಿ ಅಳಿದದ್ದು 1994ರಲ್ಲಿ. ತಾನು ಶಿಬಿರದಲ್ಲಿದ್ದೆನೆಂದು ಹೇಳಿಕೊಂಡರೆ ಮತ್ತೆ ಪೊಲೀಸರ ಭಯ. ಹೇಳದಿದ್ದರೆ ಇತಿಹಾಸದಲ್ಲಿ ಸ್ಥಾನವಿಲ್ಲ. ಹೀಗಾಗಿ ಹೆಚ್ಚಿನವರು ಮೌನವಾಗಿಯೇ ಬದುಕಿ ಮೌನವಾಗಿಯೇ ಸತ್ತರು.

ಇನ್ನು ನೆದರ್‌ಲ್ಯಾಂಡ್ಸ್. ಫ್ರೆಂಚ್ ಆಳ್ವಿಕೆಯ ಕಾಲದಲ್ಲಿ, 1811ರಲ್ಲಿ, ಫ್ರೆಂಚ್ ದಂಡಸಂಹಿತೆ ಬಂದಾಗಲೇ ಅಲ್ಲಿ ಇಂಥ ಸಂಬಂಧ ಅಪರಾಧವಾಗಿ ಉಳಿಯಲಿಲ್ಲ. ಆದರೆ 1911ರಲ್ಲಿ ಬೇರೆ ರೀತಿಯ ಕಟ್ಟುಪಾಡು ಬಂದಿತು. ಸ್ತ್ರೀ-ಪುರುಷ ಸಂಬಂಧಕ್ಕೆ 16 ವರ್ಷದ ಮಿತಿಯಿದ್ದರೆ, ಸಲಿಂಗ ಸಂಬಂಧಕ್ಕೆ 21 ವರ್ಷದ ಮಿತಿ. ಈ ಕಾನೂನು 1971ರವರೆಗೆ ಇತ್ತು. ಇದನ್ನು ವಿರೋಧಿಸಿ ಯೋಂಕರ್ ಸ್ಕೋರರ್ ಎಂಬ ವಕೀಲರು 1912ರಲ್ಲಿ ಒಂದು ಸಮಿತಿಯನ್ನು ಕಟ್ಟಿ ದೊಡ್ಡ ಗ್ರಂಥಾಲಯವನ್ನೇ ಕೂಡಿಸಿದ್ದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿದಾಗ ಸಮಿತಿ ಮುಚ್ಚಿತು, ಗ್ರಂಥಾಲಯ ಜಪ್ತಿಯಾಯಿತು. ಅದೇ ವರ್ಷದ ಆರಂಭದಲ್ಲಿ ಹೊರಟಿದ್ದ ‘ಲೇವೆನ್ಸ್‌ರೆಖ್ಟ್’, ಅಂದರೆ ‘ಬದುಕುವ ಹಕ್ಕು’, ಎಂಬ ಪುಟ್ಟ ಪತ್ರಿಕೆಯೂ ನಿಂತುಹೋಯಿತು. ಚಂದಾದಾರರ ಪಟ್ಟಿ ಶತ್ರುವಿನ ಕೈಸೇರಬಾರದೆಂದು ಸಂಪಾದಕರು ಅದನ್ನು ನಾಶಮಾಡಿದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಆ ಪತ್ರಿಕೆಯ ಬಳಗವೇ ಮತ್ತೆ ಸೇರಿ ಒಂದು ಸಂಘವನ್ನು ಕಟ್ಟಿತು. ಮೊದಲಿಗೆ ಅದರ ಹೆಸರು ಷೇಕ್ಸ್‌ಪಿಯರ್ ಕ್ಲಬ್. ಸ್ವಂತ ಹೆಸರಿನಲ್ಲಿ ಬೋರ್ಡು ಹಾಕಿಕೊಳ್ಳಲಾಗದ ಕಾಲ ಅದು. ಇದೇ ಸಂಘ ಮುಂದೆ ‘ಸಿಓಸಿ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಇಲ್ಲಿ ಇಬ್ಬರ ಕಥೆಯನ್ನು ಹೇಳಲೇಬೇಕು. ನಾಜಿಗಳು ಆಮ್‌ಸ್ಟರ್‌ಡ್ಯಾಮಿನ ಯಹೂದಿಗಳನ್ನು ಅಷ್ಟು ಸುಲಭವಾಗಿ ಹಿಡಿಯಲು ಒಂದು ಕಾರಣ ಅಲ್ಲಿನ ಅಚ್ಚುಕಟ್ಟಾದ ಜನಸಂಖ್ಯಾ ನೋಂದಣಿ. ಪ್ರತಿಯೊಬ್ಬರ ಹೆಸರು, ವಿಳಾಸ, ಧರ್ಮ ಚೀಟಿಗಳಲ್ಲಿ ದಾಖಲಾಗಿದ್ದವು. ಆ ದೇಶದಲ್ಲಿದ್ದ ಸುಮಾರು 1 ಲಕ್ಷ 40 ಸಾವಿರ ಯಹೂದಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಹತರಾದರು. 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧದ ಗುಂಪೊಂದು ಪೊಲೀಸರ ವೇಷದಲ್ಲಿ ನೋಂದಣಿ ಕಚೇರಿಯನ್ನು ಹೊಕ್ಕಿತು. ಕಾವಲುಗಾರರನ್ನು ಕೊಲ್ಲದೆ ಅವರಿಗೆ ನಿದ್ರೆಯ ಮದ್ದು ಚುಚ್ಚಿ ಕಚೇರಿಗೆ ಬೆಂಕಿಯಿಟ್ಟಿತು. ಅದರ ಮುಂದಾಳುಗಳಲ್ಲಿ ಒಬ್ಬರು ವಿಲ್ಲೆಮ್ ಅರೊಂಡೆಯಸ್ ಎಂಬ ಚಿತ್ರಕಾರ, ಲೇಖಕ. ತಾವು ಸಲಿಂಗಪ್ರೇಮಿ ಎಂಬುದನ್ನು ಅವರು ಎಂದೂ ಬಚ್ಚಿಟ್ಟಿರಲಿಲ್ಲ. ಆ ಕಾರಣಕ್ಕಾಗಿಯೇ ಹರೆಯದಲ್ಲಿ ಹೆತ್ತವರ ಮನೆ ಬಿಟ್ಟಿದ್ದರು. ಕೆಲವೇ ದಿನಗಳಲ್ಲಿ ಗುಂಪು ಸಿಕ್ಕಿಬಿದ್ದಿತು. 1943ರ ಜುಲೈ 1ರಂದು ಅರೊಂಡೆಯಸ್ ಮತ್ತು ಸಂಗಾತಿಗಳನ್ನು ಗುಂಡಿಟ್ಟು ಕೊಂದರು. ಸಲಿಂಗಪ್ರೇಮಿಗಳು ಹೇಡಿಗಳಲ್ಲವೆಂದು ಜನರಿಗೆ ತಿಳಿಸಬೇಕು ಎಂಬುದು ಸಾವಿಗೆ ಮುನ್ನ ಅವರು ತಮ್ಮ ವಕೀಲೆಗೆ ಒಪ್ಪಿಸಿದ ಕೊನೆಯ ಸಂದೇಶ.

ಅದೇ ಬಳಗದಲ್ಲಿದ್ದವರು ಫ್ರೀಡಾ ಬೆಲಿನ್‌ಫಾಂಟೆ. ಚೆಲ್ಲೋ ವಾದಕಿ, ವಾದ್ಯವೃಂದದ ನಿರ್ದೇಶಕಿ, ತಂದೆಯ ಕಡೆಯಿಂದ ಯಹೂದಿ, ಸ್ತ್ರೀ ಸಲಿಂಗಪ್ರೇಮಿ. ಸುಳ್ಳು ಗುರುತಿನ ಚೀಟಿಗಳನ್ನು ತಯಾರಿಸಿ ಅನೇಕರನ್ನು ಉಳಿಸಿದವರು. ಸಂಗಾತಿಗಳು ಸೆರೆಸಿಕ್ಕ ಮೇಲೆ ಗಂಡಸಿನ ಉಡುಪು ತೊಟ್ಟು ತಿಂಗಳುಗಟ್ಟಲೆ ತಲೆಮರೆಸಿಕೊಂಡರು. ಬೀದಿಯಲ್ಲಿ ಎದುರಾದ ಹೆತ್ತ ತಾಯಿಯೂ ಅವರನ್ನು ಗುರುತಿಸಲಿಲ್ಲವಂತೆ. ಕೊನೆಗೆ ಹಿಮದ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಸ್ವಿಟ್ಜರ್‌ಲ್ಯಾಂಡ್ ಸೇರಿದರು. ಯುದ್ಧಾನಂತರ ಅಮೆರಿಕಕ್ಕೆ ಹೋಗಿ ಅಲ್ಲಿಯೂ ವಾದ್ಯವೃಂದ ಕಟ್ಟಿದರು; 1995ರಲ್ಲಿ ತೀರಿಕೊಂಡರು. ಅರೊಂಡೆಯಸ್ ಅವರಿಗೆ ನೆದರ್‌ಲ್ಯಾಂಡ್ಸಿನ ಪ್ರತಿರೋಧ ಪದಕ ಸಂದದ್ದು 1984ರಲ್ಲಿ, ಅಂದರೆ ಸತ್ತು 41 ವರ್ಷಗಳಾದ ಮೇಲೆ. ಅವರ ಸಾಹಸ ಅದಕ್ಕೆ ಮೊದಲೂ ಜನರಿಗೆ ತಿಳಿದಿತ್ತು. ಅವರ ಕೊನೆಯ ಸಂದೇಶವನ್ನು ಮಾತ್ರ ಬಹುಕಾಲ ಯಾರೂ ಬಹಿರಂಗವಾಗಿ ಹೇಳಲಿಲ್ಲ.

ಸ್ಮಾರಕದ ಕಥೆ ಇಲ್ಲಿಂದ ಆರಂಭವಾಗುತ್ತದೆ. ಪ್ರತಿವರ್ಷ ಮೇ 4ರ ಸಂಜೆ ಆಮ್‌ಸ್ಟರ್‌ಡ್ಯಾಮಿನ ಡ್ಯಾಮ್ ಚೌಕದಲ್ಲಿರುವ ರಾಷ್ಟ್ರೀಯ ಸ್ಮಾರಕದ ಬಳಿ ಯುದ್ಧದಲ್ಲಿ ಮಡಿದವರಿಗೆ ಗೌರವ ಸಲ್ಲಿಸುತ್ತಾರೆ. ಎರಡು ನಿಮಿಷ ಇಡೀ ದೇಶ ಮೌನವಾಗಿ ನಿಲ್ಲುತ್ತದೆ. 1970ರ ಮೇ 4ರಂದು ಸಲಿಂಗಪ್ರೇಮಿ ತರುಣರ ಒಂದು ಕ್ರಿಯಾಸಮಿತಿಯವರು ಅಲ್ಲಿಗೆ ಪುಷ್ಪಚಕ್ರವನ್ನು ತಂದರು. ನಾಜಿಗಳಿಂದ ಹತರಾದ ಸಲಿಂಗಪ್ರೇಮಿಗಳ ನೆನಪಿಗಾಗಿ ಅದನ್ನು ಇಡಬೇಕೆಂಬುದಷ್ಟೇ ಅವರ ಅಪೇಕ್ಷೆ. ಪೊಲೀಸರು ಅವರನ್ನು ಬಂಧಿಸಿದರು. ಪುಷ್ಪಚಕ್ರವನ್ನು ಅಲ್ಲಿಂದ ತೆಗೆಯಲಾಯಿತು.

ಈ ಪ್ರಸಂಗವನ್ನು ಓದಿದಾಗ ನನಗೆ ನಮ್ಮ ಹಳ್ಳಿಯ ಸಾವಿನ ಮನೆಗಳು ನೆನಪಾದವು. ಎಂಥ ವೈರಿಯಾದರೂ ಸಾವಿನ ಮನೆಗೆ ಬಂದವನನ್ನು ಹೊರಗೆ ಹೋಗೆನ್ನುವುದಿಲ್ಲ. ಹಿಡಿ ಮಣ್ಣು ಹಾಕುವ ಹಕ್ಕು ಎಲ್ಲರಿಗೂ ಇದೆ. ನೆದರ್‌ಲ್ಯಾಂಡ್ಸ್ ಸುಸಂಸ್ಕೃತ ದೇಶ, ಉದಾರ ದೇಶ. ಅಲ್ಲಿಯೂ 1970ರಲ್ಲಿ ಇವರ ಹೂವು ಚೌಕದ ಗೌರವಕ್ಕೆ ಕುಂದೆಂದು ತೋರಿತು.

ಆದರೆ ಅವರು ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿಯೂ ಹೂವಿನೊಡನೆ ಬಂದರು. ಕ್ರಮೇಣ ಅದಕ್ಕೆ ಸಮ್ಮತಿಯೂ ದೊರೆಯಿತು. ಇದೇ ಕಾಲದಲ್ಲಿ ಪಶ್ಚಿಮ ಜರ್ಮನಿಯ ತರುಣರು ಗುಲಾಬಿ ತ್ರಿಕೋನವನ್ನು ತಾವಾಗಿಯೇ ಎದೆಗೆ ಧರಿಸತೊಡಗಿದರು. ಅವಮಾನದ ಗುರುತು ಹೋರಾಟದ ಗುರುತಾಯಿತು. 1978ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಂ ಚೌಕದಲ್ಲಿ, ನಾಜಿಗಳಿಂದ ಹತರಾದ ರೋಮಾ ಮತ್ತು ಸಿಂಟಿ ಜನರ ಸ್ಮಾರಕ ಸ್ಥಾಪನೆಯಾಯಿತು. ಮರುವರ್ಷ, 1979ರಲ್ಲಿ, ಬಾಬ್ ವಾನ್ ಸ್ಕೈಂಡೆಲ್ ಎಂಬ ಕಾರ್ಯಕರ್ತರು ಸಲಿಂಗಪ್ರೇಮಿಗಳಿಗೂ ಒಂದು ಸ್ಮಾರಕ ಬೇಕೆಂಬ ಪ್ರಸ್ತಾಪವನ್ನು ಮುಂದಿಟ್ಟರು. ಅವರು ಶಾಂತಿವಾದಿ ಸಮಾಜವಾದಿ ಪಕ್ಷದ ಸಲಿಂಗಪ್ರೇಮಿ ಗುಂಪಿನವರು. ಇತರ ಗುಂಪುಗಳೂ ಕೈಜೋಡಿಸಿ ಇದಕ್ಕಾಗಿಯೇ ಒಂದು ಪ್ರತಿಷ್ಠಾನ ರೂಪುಗೊಂಡಿತು.

ಸ್ಮಾರಕ ಕಟ್ಟಲು ಎಂಟು ವರ್ಷ ಹಿಡಿಯಿತು. ಇಂದಿನ ಯೂರೋ ಲೆಕ್ಕದಲ್ಲಿ ಹೇಳುವುದಾದರೆ ಬೇಕಾಗಿದ್ದ ಹಣ ಸುಮಾರು 1 ಲಕ್ಷ 80 ಸಾವಿರ. ಡಚ್ ಸಂಸತ್ತು ಸುಮಾರು 50 ಸಾವಿರ ಕೊಟ್ಟಿತು. ಆಮ್‌ಸ್ಟರ್‌ಡ್ಯಾಮ್ ನಗರವೂ ಉತ್ತರ ಹಾಲೆಂಡ್ ಪ್ರಾಂತವೂ ನೆರವಾದವು. ಆದರೆ ಹೆಚ್ಚಿನ ಪಾಲು ಬಂದದ್ದು ವ್ಯಕ್ತಿಗಳ ಮತ್ತು ಸಂಘಸಂಸ್ಥೆಗಳ ದೇಣಿಗೆಯಿಂದ. ಊರಿನಲ್ಲಿ ಶಾಲೆಯ ಕಟ್ಟಡಕ್ಕೋ ರಥದ ಜೀರ್ಣೋದ್ಧಾರಕ್ಕೋ ರಸೀದಿ ಪುಸ್ತಕ ಹಿಡಿದು ಮನೆಮನೆ ಅಲೆದವರಿಗೆ ಆ ಎಂಟು ವರ್ಷಗಳ ಅರ್ಥವಾದೀತು. ಇಲ್ಲಿ ಇನ್ನೂ ಒಂದು ಮಾತಿದೆ. ಇಂಥ ಕಾರ್ಯಕ್ಕೆ ಹಣ ಕೊಡುವುದೆಂದರೆ ತಾನು ಯಾರೆಂಬುದನ್ನೋ, ತಾನು ಯಾರ ಪರವೆಂಬುದನ್ನೋ ಹೇಳಿಕೊಂಡಂತೆ. 1940ರಲ್ಲಿ ಪ್ರಾಣಭಯದಿಂದ ಚಂದಾದಾರರ ಪಟ್ಟಿಯನ್ನು ನಾಶಮಾಡಿದ್ದ ಜನ, 40 ವರ್ಷಗಳ ಬಳಿಕ ದಾನಿಗಳಾಗಿ ಮುಂದೆ ಬಂದರು. ಆ ಸಮುದಾಯ ಸ್ಮಾರಕಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಇದೇ ದೊಡ್ಡದೆಂದು ನನಗನ್ನಿಸುತ್ತದೆ.

ಕಲಾವಿದರನ್ನು ಆಹ್ವಾನಿಸಿ, ತೀರ್ಪುಗಾರರ ಮಂಡಳಿಯ ಮೂಲಕ ಆರಿಸಿದ್ದು ಕರಿನ್ ಡಾನ್ ಎಂಬ ಕಲಾವಿದೆಯ ವಿನ್ಯಾಸವನ್ನು. ಪ್ರತಿಮೆಯಿಲ್ಲ, ಸ್ತಂಭವಿಲ್ಲ, ಆವರಣದ ಗೋಡೆಯಿಲ್ಲ. ವೆಸ್ಟರ್‌ಕೆರ್ಕ್ ಎಂಬ ಹಳೆಯ ಚರ್ಚಿನ ಪಕ್ಕದಲ್ಲಿ, ಕೈಜರ್ಸ್‌ಖ್ರಾಖ್ಟ್ ಕಾಲುವೆಯ ದಂಡೆಯಲ್ಲಿ, ಗುಲಾಬಿ ಗ್ರಾನೈಟಿನ ಮೂರು ತ್ರಿಕೋನಗಳು. ಒಂದೊಂದರ ಬಾಹುವೂ 10 ಮೀಟರು. ಮೂರೂ ಕೂಡಿ 36 ಮೀಟರು ಬಾಹುವಿನ ಇನ್ನೊಂದು ದೊಡ್ಡ ತ್ರಿಕೋನದ ಮೂಲೆಗಳಾಗುತ್ತವೆ. ನಾಲ್ಕು ಹೆಜ್ಜೆ ದೂರದಿಂದ ನೋಡಿದವರಿಗೆ ಬಿಡಿ ಕಲ್ಲುಗಳು. ಇಡೀ ಚೌಕವನ್ನು ಮನಸ್ಸಿನಲ್ಲಿ ತಂದುಕೊಂಡವರಿಗೆ ಒಂದೇ ಆಕಾರ. ಜ್ಯಾಮಿತಿ ಕಲಿಸಿದ ನನ್ನ ಸಹೋದ್ಯೋಗಿಗಳು ಇದನ್ನು ಮೆಚ್ಚಿಯಾರು.

ಮೂರು ತ್ರಿಕೋನಗಳಿಗೂ ಮೂರು ದಿಕ್ಕು, ಮೂರು ಅರ್ಥ. ಮೊದಲನೆಯದು ನೆಲದ ಮಟ್ಟಕ್ಕೇ ಹಾಸಿದ್ದು. ಜನ ಅದರ ಮೇಲೆಯೇ ನಡೆದಾಡುತ್ತಾರೆ. ಅದರ ತುದಿ ಪ್ರಿನ್ಸೆನ್‌ಖ್ರಾಖ್ಟ್ ಕಾಲುವೆಯ ಬದಿಯ ಆನ್ ಫ್ರಾಂಕ್ ಮನೆಯತ್ತ ತೋರುತ್ತದೆ. ಅದು ಗತಕಾಲ. ಎರಡನೆಯದು ನನ್ನ ವಿದ್ಯಾರ್ಥಿ ತೋರಿಸಿದ ಮೆಟ್ಟಿಲು. ನೀರಿನೊಳಗೆ ಚಾಚಿದ ಅದರ ತುದಿ, ಒಮ್ಮೆ ಪುಷ್ಪಚಕ್ರವನ್ನು ನಿರಾಕರಿಸಿದ ಡ್ಯಾಮ್ ಚೌಕದ ರಾಷ್ಟ್ರೀಯ ಸ್ಮಾರಕದತ್ತ ತೋರುತ್ತದೆ. ಅದು ವರ್ತಮಾನ. ಮೂರನೆಯದು ನೆಲದಿಂದ ಸುಮಾರು 60 ಸೆಂಟಿಮೀಟರು ಎತ್ತರದ ಜಗುಲಿ. ಅದರ ತುದಿ, ಆಗ ರೋಜೆನ್‌ಸ್ಟ್ರಾಟ್ ಬೀದಿಯಲ್ಲಿದ್ದ ಸಿಓಸಿ ಕಚೇರಿಯತ್ತ ತೋರುತ್ತದೆ. ಅದು ಭವಿಷ್ಯ. ಜಗುಲಿಯ ಮೇಲೆ ಮಕ್ಕಳು ಆಡುತ್ತಾರೆ, ದಣಿದವರು ಕೂರುತ್ತಾರೆ. ಸ್ಮಾರಕವೆಂದು ತಿಳಿಯದೆ ಕೂತವರೂ ಅದರ ಪಾಲುದಾರರೇ.

ನೆಲಮಟ್ಟದ ತ್ರಿಕೋನದ ಅಂಚಿನಲ್ಲಿ ಯಾಕೊಬ್ ಇಸ್ರೇಲ್ ಡೆ ಹಾನ್ ಎಂಬ ಕವಿಯ ಕವಿತೆಯ ಸಾಲೊಂದನ್ನು ಕೊರೆದಿದ್ದಾರೆ. 1881ರಲ್ಲಿ ಹುಟ್ಟಿದ ಈ ಯಹೂದಿ ಕವಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಒಂದು ಸಮಾಜವಾದಿ ಪತ್ರಿಕೆಯಲ್ಲಿ ಮಕ್ಕಳ ವಿಭಾಗಕ್ಕೂ ಬರೆಯುತ್ತಿದ್ದವರು. ಇಬ್ಬರು ಪುರುಷರ ಪ್ರೇಮವನ್ನು ಕುರಿತ ‘ಪೈಪೆಲೈನ್‌ಚೆಸ್’ ಎಂಬ ಕಾದಂಬರಿಯನ್ನು 1904ರಲ್ಲಿ ಪ್ರಕಟಿಸಿದರು. ಪತ್ರಿಕೆಯ ಕೆಲಸವೂ ಹೋಯಿತು, ಶಾಲೆಯ ಕೆಲಸವೂ ಹೋಯಿತು. ಆಮೇಲೆ ಕಾನೂನು ಓದಿದರು, ರಷ್ಯಾದ ಸೆರೆಮನೆಗಳ ದುಃಸ್ಥಿತಿಯನ್ನು ಬಯಲಿಗೆಳೆದರು, 1919ರಲ್ಲಿ ಪ್ಯಾಲೆಸ್ಟೈನಿಗೆ ಹೋದರು. ಅಲ್ಲಿನ ರಾಜಕೀಯದ ಕಾರಣದಿಂದ 1924ರಲ್ಲಿ ಜೆರುಸಲೇಮಿನಲ್ಲಿ ಹತರಾದರು. ಪಾಠ ಹೇಳುವ ಅರ್ಹತೆ ಇಲ್ಲವೆಂದು ಊರು ಹೊರಗಟ್ಟಿದ ಮೇಷ್ಟ್ರ ಮಾತನ್ನು 83 ವರ್ಷಗಳ ಬಳಿಕ ಅದೇ ಊರು ತನ್ನ ನೆಲದಲ್ಲಿ ಕೆತ್ತಿಸಿಕೊಂಡಿತು. ನಾನೂ ಮೇಷ್ಟ್ರಾದ್ದರಿಂದ ಈ ಸಂಗತಿ ನನ್ನನ್ನು ಬಹಳ ಕಾಡಿತು.

1987ರ ಸೆಪ್ಟೆಂಬರ್ 5ರಂದು ‘ಹೋಮೊಮೊನ್ಯುಮೆಂಟ್’ ಎಂಬ ಹೆಸರಿನ ಈ ಸ್ಮಾರಕ ಅನಾವರಣಗೊಂಡಿತು. ಅಂದಿನಿಂದ ಮೇ 4ರಂದು ಅಲ್ಲಿ ಹೂವಿಟ್ಟು ಸ್ಮರಿಸುತ್ತಾರೆ. ಮರುದಿನ ವಿಮೋಚನಾ ದಿನದಂದು ಅದೇ ಕಲ್ಲುಗಳ ನಡುವೆ ಹಾಡಿ ಕುಣಿಯುತ್ತಾರೆ. ಶೋಕಕ್ಕೂ ಸಂತೋಷಕ್ಕೂ ಒಂದೇ ಅಂಗಳ.

ಇತಿಹಾಸದ ಮೇಷ್ಟ್ರಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಜರ್ಮನಿಯಲ್ಲಿ ನಡೆದಷ್ಟು ವ್ಯಾಪಕವಾದ ಬೇಟೆ ನೆದರ್‌ಲ್ಯಾಂಡ್ಸಿನಲ್ಲಿ ನಡೆಯಲಿಲ್ಲವೆಂದು ನಂತರದ ಸಂಶೋಧನೆಗಳು ತೋರಿಸಿವೆ. 1940ರಲ್ಲಿ ಜರ್ಮನ್ನರು ಅಲ್ಲಿಯೂ ಅಂಥ ಆಜ್ಞೆ ಹೊರಡಿಸಿದರು. ಆದರೆ ಆ ಒಂದೇ ಕಾರಣಕ್ಕೆ ಶಿಬಿರಕ್ಕೆ ಹೋದ ಡಚ್ಚರ ಸಂಖ್ಯೆ ಕಡಿಮೆ. ಇದರಿಂದ ಸ್ಮಾರಕದ ಮಹತ್ವ ಕುಗ್ಗುತ್ತದೆಯೆ? ಇಲ್ಲವೆಂದೇ ನನ್ನ ಅಭಿಪ್ರಾಯ. ಅದನ್ನು ಕಟ್ಟಿದವರು ಕೇವಲ ನಾಜಿ ಕಾಲಕ್ಕೆ ಕಟ್ಟಲಿಲ್ಲ. ಸಲಿಂಗಪ್ರೇಮಿಗಳೆಂಬ ಕಾರಣಕ್ಕೆ ಎಲ್ಲೇ ಆಗಲಿ, ಎಂದೇ ಆಗಲಿ ದಮನಕ್ಕೊಳಗಾದ ಎಲ್ಲ ಸ್ತ್ರೀಪುರುಷರಿಗೂ ಅದನ್ನು ಅರ್ಪಿಸಿದರು. ಆದ್ದರಿಂದಲೇ ಅದನ್ನು ಯುದ್ಧಸ್ಮಾರಕ ಎನ್ನುವುದಕ್ಕಿಂತ ಮಾನವ ಹಕ್ಕುಗಳ ಸ್ಮಾರಕ ಎನ್ನುವುದು ಹೆಚ್ಚು ಸೂಕ್ತ.

ಬೇರೆಡೆ ಈ ಕೆಲಸ ಇನ್ನೂ ಕಷ್ಟದ್ದಾಗಿತ್ತು. ಆಸ್ಟ್ರಿಯದ ಮೌಟ್‌ಹೌಸೆನ್ ಶಿಬಿರದಲ್ಲಿ ಅಲ್ಲಿನ ಸಲಿಂಗಪ್ರೇಮಿ ಸಂಘಟನೆಗಳು 1984ರಲ್ಲಿ ಗುಲಾಬಿ ಕಲ್ಲಿನ ಫಲಕವೊಂದನ್ನು ಇರಿಸಿದವು. ಜರ್ಮನಿಯ ಡಖಾವ್ ಶಿಬಿರಕ್ಕಾಗಿ 1985ರಲ್ಲಿ ಸಿದ್ಧಪಡಿಸಿದ ಕಲ್ಲಿಗೆ ಮುಖ್ಯ ಸ್ಮರಣಾಲಯದಲ್ಲಿ ಜಾಗ ಸಿಗಲಿಲ್ಲ. ಅಲ್ಲಿನ ಪ್ರೊಟೆಸ್ಟೆಂಟ್ ಚರ್ಚು ಅದಕ್ಕೆ ಆಶ್ರಯ ಕೊಟ್ಟಿತು. ಸಹಕೈದಿಗಳ ಸಾಲಿಗೆ ಆ ಕಲ್ಲು ಸೇರಿದ್ದು 1995ರಲ್ಲಿ. ಬರ್ಲಿನ್ನಿನಲ್ಲಿ ಜರ್ಮನ್ ಸಂಸತ್ತು 2003ರಲ್ಲಿ ಒಪ್ಪಿಗೆ ಕೊಟ್ಟು, 2008ರ ಮೇ 27ರಂದು ಟಿಯರ್‌ಗಾರ್ಟನ್ ಉದ್ಯಾನದಲ್ಲಿ ಸ್ಮಾರಕ ಅನಾವರಣಗೊಂಡಿತು. ಕಾಂಕ್ರೀಟಿನ ದೊಡ್ಡ ಪೆಟ್ಟಿಗೆ. ಅದರ ಪುಟ್ಟ ಕಿಟಕಿಯಲ್ಲಿ ಇಣುಕಿದರೆ ಚುಂಬಿಸುವ ಇಬ್ಬರು ಪುರುಷರ ಚಿತ್ರ ಓಡುತ್ತಿತ್ತು. ‘ನಾವೆಲ್ಲಿ?’ ಎಂದು ಸ್ತ್ರೀ ಸಲಿಂಗಪ್ರೇಮಿಗಳು ಕೇಳಿದರು. ಕಾಲಕಾಲಕ್ಕೆ ಚಿತ್ರವನ್ನು ಬದಲಿಸಿ ಸ್ತ್ರೀಯರನ್ನೂ ತೋರಿಸುವ ಏರ್ಪಾಡಾಯಿತು. ಮಹಿಳೆಯರ ಶಿಬಿರವಾಗಿದ್ದ ರಾವೆನ್ಸ್‌ಬ್ರೂಕ್‌ನಲ್ಲಿ ಸ್ತ್ರೀ ಸಲಿಂಗಪ್ರೇಮಿ ಕೈದಿಗಳ ನೆನಪಿಗೆ ಒಂದು ಪುಟ್ಟ ಗೋಳವನ್ನಿಡಲು ಅವರು ವರ್ಷಗಟ್ಟಲೆ ವಾದಿಸಬೇಕಾಯಿತು. ಅದು ನೆರವೇರಿದ್ದು 2022ರಲ್ಲಿ. ಹೊರಗಿಡಲ್ಪಟ್ಟವರ ನಡುವೆಯೂ ಕೆಲವರು ಹೊರಗೆ ಉಳಿಯುವುದುಂಟು ಎಂಬುದನ್ನು ಇದರಿಂದ ತಿಳಿಯಬೇಕು.

ಇದೆಲ್ಲ ದೂರದ ದೇಶದ ಕಥೆಯೆಂದು ನೀವು ಭಾವಿಸಬಹುದು. ಬ್ರಿಟಿಷರು 1860ರಲ್ಲಿ ರಚಿಸಿದ ಭಾರತೀಯ ದಂಡಸಂಹಿತೆಯ 377ನೆಯ ಕಲಮು ನಮ್ಮಲ್ಲಿಯೂ ಇತ್ತು. ದೆಹಲಿ ಹೈಕೋರ್ಟು 2009ರಲ್ಲಿ ಅದನ್ನು ಸಡಿಲಿಸಿತು, ಸುಪ್ರೀಂ ಕೋರ್ಟು 2013ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಪರಸ್ಪರ ಸಮ್ಮತಿಯ ವಯಸ್ಕರ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2018ರ ಸೆಪ್ಟೆಂಬರ್ 6ರಂದು ಒಮ್ಮತದಿಂದ ಸಾರಿತು. ಅಂದರೆ ನಾನು ಬೋಧಿಸಿದ ಅಷ್ಟೂ ವರ್ಷ, ನನ್ನ ಮುಂದಿನ ಬೆಂಚುಗಳಲ್ಲಿ ಕುಳಿತಿದ್ದ ಕೆಲವು ಮಕ್ಕಳು ತಮ್ಮ ದೇಶದ ಕಾನೂನಿಗೆ ಹೆದರಿಯೇ ದೊಡ್ಡವರಾದರು.

ಈಗ ನನ್ನ ತಪ್ಪಿನ ಮಾತು. ಮೃದುವಾಗಿ ಮಾತನಾಡುವ, ಆಟಕ್ಕೆ ಇಳಿಯದ ಹುಡುಗರನ್ನು ತರಗತಿಯಲ್ಲಿ ಉಳಿದವರು ಹೆಣ್ಣಿನ ಹೆಸರಿಟ್ಟು ಕರೆಯುತ್ತಿದ್ದರು. ಹಿಂದಿನ ಬೆಂಚಿನಿಂದ ಆ ಹೆಸರು, ಅದರ ಹಿಂದೆ ನಗು. ನನಗೆ ಕೇಳಿಸುತ್ತಿತ್ತು. ಡಸ್ಟರಿನಿಂದ ಮೇಜನ್ನು ಕುಟ್ಟಿ “ಸದ್ದು!” ಎನ್ನುತ್ತಿದ್ದೆ. ಸದ್ದು ಅಡಗುತ್ತಿತ್ತು, ಪಾಠ ಮುಂದುವರಿಯುತ್ತಿತ್ತು. ಸದ್ದನ್ನು ತಪ್ಪೆಂದು ಎಣಿಸಿದೆನೇ ಹೊರತು ಅವರು ಆಡಿದ ಮಾತನ್ನು ತಪ್ಪೆಂದು ಹೇಳಲಿಲ್ಲ. ಹಿಟ್ಲರನ ಅಧ್ಯಾಯ ನಡೆಯುವಾಗಲೂ ಹಾಗೆ ಆಗಿದ್ದಿರಬಹುದು. ಜನರಿಗೆ ಗುರುತು ಹಚ್ಚಿ ಬೇರ್ಪಡಿಸುವುದು ಎಂಥ ಪಾಪವೆಂದು ಕಪ್ಪುಹಲಗೆಯ ಮುಂದೆ ನಿಂತು ವಿವರಿಸಿದವನು, ಅದೇ ಕೋಣೆಯಲ್ಲಿ ಒಬ್ಬ ಹುಡುಗನಿಗೆ ಗುರುತು ಹಚ್ಚುತ್ತಿದ್ದುದನ್ನು ಕಾಣಲಿಲ್ಲ. ಆ ಹುಡುಗರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮೇಷ್ಟ್ರನ್ನು ಕ್ಷಮಿಸಿ.

ಅಂದು ನನ್ನ ವಿದ್ಯಾರ್ಥಿ ಹೊರಟು ನಿಂತಾಗ ಕಾಲುವೆಯ ಚಿತ್ರವನ್ನು ಮತ್ತೊಮ್ಮೆ ತೋರಿಸೆಂದೆ. “ಹೂವು ಯಾರಿಟ್ಟದ್ದು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ನಾನಿಟ್ಟದ್ದು ಸರ್” ಎಂದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಹೆಚ್ಚು ಕೇಳುವ ಅಗತ್ಯವಿರಲಿಲ್ಲ. ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಾ, “ಇದರ ಬಗ್ಗೆ ಬರೆಯುತ್ತೀರಾ ಸರ್?” ಎಂದು ಕೇಳಿದ. ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ.

ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ, ತಾಯ್ತಂದೆಯರಾಗಿದ್ದೀರಿ. ಆನ್ ಫ್ರಾಂಕಳ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳುವಾಗ, ಆ ಮನೆಯಿಂದ ಕೆಲವೇ ಹೆಜ್ಜೆ ದೂರದಲ್ಲಿರುವ ಈ ಮೂರು ಕಲ್ಲುಗಳ ಕಥೆಯನ್ನೂ ಸೇರಿಸಿ ಹೇಳಿ. ನಾನು ಬಿಟ್ಟ ಪಾಠವನ್ನು ನೀವು ಪೂರ್ತಿ ಮಾಡಿದಂತಾಗುತ್ತದೆ.